ಗೆಡ್ಡೆಯ ತಲೆ ಮತ್ತೆ ಮಣ್ಣಿಗೆ: ಹಿತ್ತಲಲ್ಲಿ ಕಾಡಿನ ಊಟ ಮತ್ತು ಮಿಸ್ರಿ ಜೇನು ಉಳಿಸಿಕೊಳ್ಳುವ ಬಗೆ

ಜೋಯಿಡಾ ಕಡೆಯ ಒಂದು ಕುಣಬಿ ಮನೆಯ ಹಿತ್ತಲು. ಸಂಕ್ರಾಂತಿಗೆ ಇನ್ನೂ ವಾರವಿತ್ತು, ಬೆಳಗಿನ ಇಬ್ಬನಿ ಆರಿರಲಿಲ್ಲ. ಗೆಣಸಿನ ಬಳ್ಳಿ ಹಳದಿಯಾಗಿ, ಒಣಗಿ, ಹಬ್ಬಿದ್ದ ಮರಕ್ಕೆ ಅಂಟಿಕೊಂಡಿತ್ತು. ಅಜ್ಜಿ ಬುಡದಿಂದ ಒಂದು ಗೇಣು ದೂರ ಬಿಟ್ಟು ಹಾರೆ ಹಾಕಿದರು. ಮಣ್ಣು ಸಡಿಲವಾದ ಮೇಲೆ ಹಾರೆ ಬದಿಗಿಟ್ಟು ಕೈಯಿಂದಲೇ ಕೆದಕಿದರು. ಮೊಣಕೈವರೆಗೆ ಕೈ ಇಳಿದಾಗ ತೊಡೆಯಷ್ಟು ದಪ್ಪದ ಗೆಡ್ಡೆ ಅಲುಗಾಡಿತು. ಅದನ್ನು ಮೇಲೆತ್ತಿದವರೇ ಬಳ್ಳಿ ಕೂಡಿದ್ದ ಮೇಲ್ತುದಿಯನ್ನು ನಾಲ್ಕು ಬೆರಳಿನಷ್ಟು ಕತ್ತರಿಸಿ, ಕೊಯ್ದ ಬಾಯಿಗೆ ಒಲೆಯ ಬೂದಿ ಹಚ್ಚಿ, ಅದೇ ಗುಳಿಗೆ ಇಳಿಸಿ, ಮೇಲೆ ತರಗೆಲೆ ಎಳೆದರು. ಉಳಿದದ್ದು ಮಾತ್ರ ಬುಟ್ಟಿಗೆ ಹೋಯಿತು. ನಾನು ನೋಡುತ್ತಿದ್ದುದನ್ನು ಕಂಡು, “ತಲೆಯನ್ನೂ ಒಯ್ದರೆ ಬರುವ ವರ್ಷ ಏನನ್ನು ಒಯ್ಯುತ್ತೀ, ತಂಗಿ?” ಎಂದರು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಡಿನ ಗಿಡ, ಜೇನು, ಊಟ ಈ ಮೂರನ್ನೂ ಇಷ್ಟು ಕಾಲ ಕಾದುಕೊಂಡು ಬಂದದ್ದು ಇಂಥ ಕೈಗಳು. ಅಂಕೋಲಾ, ಕುಮಟಾ, ಹೊನ್ನಾವರದ ಹಾಲಕ್ಕಿ ಒಕ್ಕಲಿಗರು, ಜೋಯಿಡಾದ ಕುಣಬಿಗಳು, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು, ಗೌಳಿಗಳು. ಬ್ರಿಟಿಷರ ಕಾಲದಲ್ಲಿ, ಕಾಡು ಕಡಿದು ಸುಟ್ಟು ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯಕ್ಕೆ ಕಡಿವಾಣ ಬಿದ್ದು ಕಾಡಿನ ಬಾಗಿಲು ಇವರಿಗೆ ಅರ್ಧ ಮುಚ್ಚಿತು. ಆದರೂ ಕುಮರಿಯಲ್ಲಿದ್ದ ತಳಿಗಳು ಹಿತ್ತಲಿಗೆ ಬಂದು ಉಳಿದುಕೊಂಡವು. ಹಾಗಾಗಿ ಹಿತ್ತಲಲ್ಲಿ ಕಾಡಿನ ಊಟ ಬೆಳೆಯಬೇಕೆಂದು ಹೊರಡುವ ನಮ್ಮಂಥವರು ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. ತಿಳಿದವರ ಬಳಿ ಕಲಿಯಬೇಕು, ಅವರಿಂದ ತಂದದ್ದನ್ನು ಬೆಳೆಸಿ ಮತ್ತೆ ಅವರಿಗೆ ಮುಟ್ಟಿಸಬೇಕು. ಎರಡು ಗುಂಟೆ ಜಾಗ, ಒಂದು ಮಣ್ಣಿನ ಗೋಡೆ ಅಥವಾ ಹಳೆಯ ಕಲ್ಲುಕಟ್ಟೆ, ಎರಡು ಮಳೆಗಾಲದಷ್ಟು ತಾಳ್ಮೆ ಇದ್ದರೆ ಶುರು ಮಾಡಬಹುದು.

ಮೊದಲು ಕೇಳಿ

ಗುದ್ದಲಿ ಹಿಡಿಯುವ ಮೊದಲು ನಿಮ್ಮ ಊರಿನಲ್ಲಿ ಯಾರಿಗೆ ಏನು ಗೊತ್ತಿದೆ ಎಂಬುದನ್ನು ತಿಳಿದುಕೊಳ್ಳಿ. ಹಾಲಕ್ಕಿಗಳ ಕೇರಿಗೆ, ಅಂದರೆ ಕೊಪ್ಪಕ್ಕೆ, ಹೋಗುವುದಾದರೆ ಮೊದಲು ಊರಗೌಡರನ್ನು ಕಂಡು ಬಂದ ಕಾರಣ ಹೇಳಿ. ಅವರು ಯಾವ ಮನೆಯ ಅಜ್ಜಿಯನ್ನು ಕೇಳಬೇಕೆಂದು ತೋರಿಸುತ್ತಾರೆ. ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಹಿತ್ತಲಲ್ಲಿ ಇರುವ ಒಂದು ಬೀಜ, ಒಂದು ಬಳ್ಳಿಯ ತುಂಡು ಒಯ್ಯಿರಿ. ಮಾತು ತಾನಾಗಿಯೇ ತೆರೆದುಕೊಳ್ಳುತ್ತದೆ. ನಾಟಿಯ ಕೆಲಸ ಇರುವ ಜೂನ್, ಜುಲೈ ತಿಂಗಳಲ್ಲಿ ಹೋಗಿ ಅವರ ದಿನ ಕೆಡಿಸಬೇಡಿ. ಸುಗ್ಗಿ ಕಳೆದ ಮೇಲೆ ಹೋಗುವುದು ಒಳ್ಳೆಯದು.

ಮೂರು ವಿಷಯ ಕೇಳಿ: ಈ ಗಿಡಕ್ಕೆ ನಿಮ್ಮ ಮಾತಿನಲ್ಲಿ ಏನು ಹೆಸರು? ಇದರ ಬೀಜ ಯಾವ ಮರದಿಂದ ತರುತ್ತೀರಿ? ಇದನ್ನು ಯಾವಾಗ ಮುಟ್ಟಬಾರದು? ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಉತ್ತರ ಸಿಗುವುದು ಅಲ್ಲಿಯೇ. ಹೂ ಬಿಟ್ಟ ಮರಕ್ಕೆ ಕತ್ತಿ ಹಾಕಬಾರದು, ಮರಿ ಇರುವ ಜೇನಿನ ಎರಿ ಕೊಯ್ಯಬಾರದು, ಮೊದಲ ಮಳೆಗೆ ಹೊಳೆಯೇರಿ ಮೊಟ್ಟೆಯಿಡಲು ಬರುವ ಮೀನು ಹಿಡಿಯಬಾರದು. ಸಂರಕ್ಷಣೆಯ ನಿಯಮಗಳು ಅಲ್ಲಿ ‘ಬಾರದು’ ಎಂಬ ರೂಪದಲ್ಲಿಯೇ ಇರುತ್ತವೆ.

ಔಷಧದ ವಿಷಯ ಬೇರೆ. ನಾಟಿ ಮದ್ದಿನ ತಿಳಿವಳಿಕೆ ಒಂದೊಂದು ಮನೆತನದ್ದು. ಅವರು ತಾವಾಗಿ ಹೇಳಿದರೂ ಅದನ್ನು ಮೊಬೈಲಿನಲ್ಲಿ ಹರಿಯಬಿಡುವುದು ತಪ್ಪು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಕಿರು ಉತ್ಪನ್ನ ಸಂಗ್ರಹಿಸುವ ಹಕ್ಕಿನ ಜೊತೆಗೆ ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆಯೂ ಸಮುದಾಯದ ಹಕ್ಕನ್ನು ಒಪ್ಪಿಕೊಂಡಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದು ಕಾಗದದ ಮೇಲಷ್ಟೇ ಇದೆಯೋ, ಸಭೆ ಸೇರುತ್ತದೆಯೋ ಕೇಳಿ ನೋಡಿ. ಮುಂದೆ ಬೇಕಾಗುತ್ತದೆ.

ಜಾಗವನ್ನು ನೋಡಿ, ಕಳೆ ತೆಗೆಯಿರಿ

ಹಿತ್ತಲಲ್ಲಿ ಈಗಾಗಲೇ ಏನಿದೆ ಎಂದು ಬರೆದುಕೊಳ್ಳಿ. ಒಂದೆಲಗ, ಮರದ ಮೇಲಿನ ಮರಕೆಸ, ಬೇಲಿಯ ಕವಳಿ, ಮೂಲೆಯ ಬಿಕ್ಕೆ ಗಿಡ. ಇವೆಲ್ಲ ನೀವು ನೆಡದೆ ಬಂದವು, ಹಾಗೆಯೇ ಇರಲಿ. ತೆಗೆಯಬೇಕಾದದ್ದು ಯುಪಟೋರಿಯಂ ಮತ್ತು ಲಂಟಾನ. ಯುಪಟೋರಿಯಂ ಹೂ ಬಿಟ್ಟು ಬೀಜ ಗಾಳಿಗೆ ತೂರುವುದು ಡಿಸೆಂಬರಿನಿಂದ ಆಚೆಗೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನೆಲ ಮೆತ್ತಗಿರುವಾಗಲೇ ಬೇರುಸಹಿತ ಕೀಳಬೇಕು. ಕತ್ತಿಯಲ್ಲಿ ಸವರಿದರೆ ಬುಡದಿಂದ ನಾಲ್ಕು ಚಿಗುರು ಏಳುತ್ತದೆ. ಕಿತ್ತದ್ದನ್ನು ಸುಡಬೇಡಿ, ತಲೆಕೆಳಗಾಗಿ ಹರಡಿದರೆ ಒಳ್ಳೆಯ ಹೊದಿಕೆ.

ಎರಡು ವಸ್ತುಗಳನ್ನು ಸ್ವಚ್ಛತೆಯ ಹೆಸರಿನಲ್ಲಿ ತೆಗೆಯಬೇಡಿ: ಒಣಗಿದ ಬಿದಿರು ಅಥವಾ ಸತ್ತ ಮರದ ತುಂಡು, ಮತ್ತು ಬಿಸಿಲು ಬೀಳುವ ಬರಿ ಮಣ್ಣಿನ ದರೆ. ಕಪ್ಪು ದುಂಬಿ ಒಣಮರ ಕೊರೆದು ಮರಿ ಮಾಡುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನ್ನೊಣ ಮಣ್ಣಿನ ದರೆಯಲ್ಲಿ, ಹಳೆಯ ಮಣ್ಣಿನ ಗೋಡೆಯಲ್ಲಿ ತೂತು ತೋಡುತ್ತದೆ. ಬದನೆ, ಟೊಮೆಟೊ ಹೂವಿನ ಪರಾಗ ಸುಮ್ಮನೆ ಕೂತರೆ ಉದುರುವುದಿಲ್ಲ. ಇವು ಹೂವನ್ನು ಹಿಡಿದು ರೆಕ್ಕೆಯ ಸ್ನಾಯು ಅದುರಿಸಿ ಅದನ್ನು ಉದುರಿಸುತ್ತವೆ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿದ ಮನೆಯಲ್ಲಿ ಬದನೆ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ ಎಂದು ದೂರುವುದಿದೆ. ಕಾರಣಗಳಲ್ಲಿ ಇದೂ ಒಂದಾಗಿರಬಹುದು.

ಬೀಜ ಆಯುವುದು

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ಇಲ್ಲಿ ನೆನೆಯಬೇಕು. ಹಾಲಕ್ಕಿ ಸಮುದಾಯದ ಈ ತಾಯಿ ಅಗಸೂರಿನ ಅರಣ್ಯ ಇಲಾಖೆಯ ಸಸ್ಯಪಾಲನಾಲಯದಲ್ಲಿ ದಿನಗೂಲಿಯಾಗಿ ಸೇರಿ ದಶಕಗಳ ಕಾಲ ಸಸಿ ಬೆಳೆಸಿದರು. 2020ರಲ್ಲಿ ಪದ್ಮಶ್ರೀ ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಶಾಲೆಗೆ ಹೋದವರಲ್ಲ. ಕಾಡಿನಲ್ಲಿ ತಾಯಿಮರವನ್ನು ಗುರುತಿಸಿ, ಅದರ ಬೀಜ ಯಾವ ದಿನಗಳಲ್ಲಿ ಆಯಬೇಕೆಂದು ತಿಳಿದು, ಅದನ್ನು ಮೊಳೆಯಿಸುವ ಬಗೆ ಬಲ್ಲವರೆಂದೇ ಅವರು ಹೆಸರಾದರು. ಬರಿಗಾಲಿನಲ್ಲಿ, ತಮ್ಮ ಸಮುದಾಯದ ಉಡುಪಿನಲ್ಲಿಯೇ ರಾಷ್ಟ್ರಪತಿ ಭವನದಲ್ಲಿ ನಡೆದುಹೋದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಆ ಚಿತ್ರದ ಹಿಂದಿರುವ ಬೀಜದ ವಿದ್ಯೆಯನ್ನು ಕಲಿತವರು ಕಡಿಮೆ.

ತಾಯಿಮರವೆಂದರೆ ನೆಟ್ಟಗಿನ ಕಾಂಡ, ರೋಗವಿಲ್ಲದ ಮೈ, ವರ್ಷವರ್ಷವೂ ಒಂದೇ ಬಗೆಯಲ್ಲಿ ಕಾಯುವ ಸ್ವಭಾವ ಇರುವ ಮರ. ತನ್ನ ಜಾತಿಯ ಬೇರೆ ಮರಗಳು ಸುತ್ತಮುತ್ತ ಇರುವಂಥದ್ದನ್ನು ಆರಿಸಿ. ಬಯಲಿನಲ್ಲಿ ಒಂಟಿಯಾಗಿ ನಿಂತ ಮರ ಎಷ್ಟೇ ಚೆಂದವಿದ್ದರೂ ಅದರ ಬೀಜಕ್ಕೆ ಹೊರಗಿನ ಪರಾಗ ಸಿಕ್ಕಿರುವುದು ಕಡಿಮೆ. ಒಂದೇ ಮರದಿಂದ ನೂರು ಬೀಜ ಆಯುವ ಬದಲು ಹತ್ತು ಮರದಿಂದ ಹತ್ತು ಹತ್ತು ಆಯಿರಿ. ಮೊದಲು ಉದುರುವ ಹಣ್ಣಿನಲ್ಲಿ ಹುಳುಕು ಹೆಚ್ಚು, ನಡುಗಾಲದಲ್ಲಿ ಬೀಳುವುದು ಗಟ್ಟಿ. ಮರದ ಕೆಳಗಿನದ್ದನ್ನೆಲ್ಲ ಬಳಿಯಬೇಡಿ. ಮುಳ್ಳುಹಂದಿಗೂ ಮಂಗಟ್ಟೆಗೂ ಅದೇ ಊಟ, ಬೀಜ ಹೊತ್ತು ದೂರ ಒಯ್ಯುವ ಹಕ್ಕಿಗೆ ನೀವು ಯಾವ ಕೂಲಿಯನ್ನೂ ಕೊಡಬೇಕಾಗಿಲ್ಲ.

ನಮ್ಮ ನಿತ್ಯಹರಿದ್ವರ್ಣ ಕಾಡಿನ ಹೆಚ್ಚಿನ ಬೀಜಗಳು ಡಬ್ಬಿಯಲ್ಲಿ ಉಳಿಯುವುದಿಲ್ಲ. ನೇರಳೆ, ಹಲಸು, ಹೆಬ್ಬಲಸು, ಮುರುಗಲು (ಕೋಕಂ), ಅಪ್ಪೆಮಾವು ಇವನ್ನು ಬಿಸಿಲಿಗೆ ಹಾಕಿದರೆ ಸಾಯುತ್ತವೆ. ತಿರುಳು ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಂದೆರಡು ದಿನ ಆರಿಸಿ ವಾರದೊಳಗೆ ಮಣ್ಣಿಗೆ ಹಾಕಿ. ಶಿವಣೆ, ಅಂಟುವಾಳದಂಥ ಗಟ್ಟಿ ಸಿಪ್ಪೆಯವು ಬೇರೆ ಥರ. ಅವನ್ನು ಸಗಣಿ ಬಗ್ಗಡದಲ್ಲಿ ನಾಲ್ಕೈದು ದಿನ ನೆನೆಸಿ ಬಿತ್ತಬಹುದು. ಅಡುಗೆಯ ಹುಳಿಗೆ ಬಳಸುವ ಉಪ್ಪಾಗೆ ಮೊಳೆಯಲು ಅರ್ಧ ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಸತ್ತಿತೆಂದು ತಟ್ಟೆ ಎಸೆಯಬೇಡಿ.

ಕಾಡಿನಿಂದ ತರುವಾಗ ಒಂದು ಎಚ್ಚರ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿಂದ, ಅಘನಾಶಿನಿಯ ಸಿಂಗಳೀಕ ಸಂರಕ್ಷಿತ ಪ್ರದೇಶದಿಂದ ಅನುಮತಿಯಿಲ್ಲದೆ ಏನನ್ನೂ ತರಬೇಡಿ. ನಿಮ್ಮ ಸೊಪ್ಪಿನ ಬೆಟ್ಟ, ನೆರೆಯವರ ತೋಟದ ಅಂಚು, ದೇವರ ಬನದ ಹೊರಬದಿ, ಅಲ್ಲಿ ಕೇಳಿಕೊಂಡು ಆಯಬಹುದು.

ಗೆಡ್ಡೆಯ ಗುಳಿ

ಗೆಡ್ಡೆಯಿಂದ ಆರಂಭಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮರ ಹಣ್ಣು ಕೊಡಲು ವರ್ಷಗಟ್ಟಲೆ ಬೇಕು, ಗೆಡ್ಡೆ ಒಂದೇ ವರ್ಷದಲ್ಲಿ ಉತ್ತರ ಕೊಡುತ್ತದೆ. ಬೀಜದ ಗೆಡ್ಡೆಗೆ ಚಳಿಗಾಲದಲ್ಲಿ ಜೋಯಿಡಾದಲ್ಲಿ ನಡೆಯುವ ಗೆಡ್ಡೆ-ಗೆಣಸು ಮೇಳಕ್ಕಿಂತ ಒಳ್ಳೆಯ ಜಾಗವಿಲ್ಲ. ಕುಣಬಿ ಹೆಂಗಸರು ತಮ್ಮ ಹಿತ್ತಲಿನ ಕೋನ, ಕಣಗ, ಮುಡ್ಲಿ ಎಲ್ಲವನ್ನೂ ಸಾಲಾಗಿ ಹರಡಿಕೊಂಡು ಕೂತಿರುತ್ತಾರೆ. ಚೌಕಾಸಿ ಮಾಡಬೇಡಿ. ಕೊಳ್ಳುವಾಗ “ಬೇಯಿಸಲೋ, ನೆಡಲೋ?” ಎಂದು ಅವರೇ ಕೇಳುತ್ತಾರೆ. ನೆಡಲು ಎಂದರೆ ಬೇರೆ ಗೆಡ್ಡೆ ಆರಿಸಿ ಕೊಡುತ್ತಾರೆ, ಹೇಗೆ ಇಡಬೇಕೆಂದೂ ಹೇಳುತ್ತಾರೆ.

ತಂದದ್ದನ್ನು ಅಟ್ಟದ ಮೇಲೆ, ಹೊಗೆ ತಾಗುವ ಆದರೆ ಬಿಸಿ ತಾಗದ ಕಡೆ, ಒಣ ಹುಲ್ಲಿನಲ್ಲಿ ಇಡಿ. ಏಪ್ರಿಲ್ ಕೊನೆಗೆ ಕಣ್ಣು ಉಬ್ಬತೊಡಗುತ್ತದೆ. ಮೇ ತಿಂಗಳಲ್ಲಿ, ಅಡ್ಡಮಳೆ ಒಂದೆರಡು ಸಲ ಬಿದ್ದ ಮೇಲೆ, ಒಂದೂವರೆ ಅಡಿ ಆಳ ಮತ್ತು ಅಷ್ಟೇ ಅಗಲದ ಗುಳಿ ತೋಡಿ. ತಳಕ್ಕೆ ತರಗು, ಮೇಲೆ ಹಳೆಯ ಗೊಬ್ಬರ, ಮೇಲ್ಮಣ್ಣು ತುಂಬಿ ನೆಲಕ್ಕಿಂತ ಎತ್ತರವಾಗಿ ಗುಪ್ಪೆ ಮಾಡಿ. ನಮ್ಮ ಮಳೆಯಲ್ಲಿ ಗುಳಿಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುವುದು ಖಂಡಿತ. ತಲೆಭಾಗದ ತುಂಡನ್ನು, ಕೊಯ್ದ ಬಾಯಿಗೆ ಬೂದಿ ಹಚ್ಚಿ, ನಾಲ್ಕು ಬೆರಳು ಆಳಕ್ಕೆ ಇಟ್ಟು ಮುಚ್ಚಿ. ಬಳ್ಳಿ ಬಂದಾಗ ಹಬ್ಬಲು ಮರ ಬೇಕು. ಅಡಿಕೆ ಮರಕ್ಕೆ ಬಿಡಬೇಡಿ, ಕೊಯ್ಲಿಗೆ ತೊಡಕು. ಬೇಲಿಯ ಹಾಲವಾಣ ಸಾಕು.

ಸುವರ್ಣಗೆಡ್ಡೆಯನ್ನು ಮಾರ್ಚ್, ಏಪ್ರಿಲಿನಲ್ಲಿಯೇ ಇಡಬಹುದು. ಕೆಸಕ್ಕೆ ಬಚ್ಚಲ ನೀರು ಹರಿಯುವ ಜಾಗ ಸಾಕು. ಡಿಸೆಂಬರಿನಿಂದ ಬಳ್ಳಿ ಪೂರ್ತಿ ಒಣಗಿದ ಮೇಲೆ ಮಾತ್ರ ಅಗೆಯಿರಿ. ತಲೆಯನ್ನು ಮಣ್ಣಿಗೆ ಬಿಡುವುದನ್ನು ಮರೆಯಬೇಡಿ.

ಹುಳಿಯ ಮರಗಳು

ಮುರುಗಲಿನ ವಿಷಯದಲ್ಲಿ ನನಗೆ ನೋವಿನ ಪಾಠವೇ ಆಗಿದೆ. ಒಂದು ನರ್ಸರಿಯಲ್ಲಿ ನಾಲ್ಕು ಬೀಜಸಸಿ ಕೊಂಡು ನೆಟ್ಟೆ. ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತೆ. ಎಂಟನೆಯ ವರ್ಷ ಹೂ ಬಂದಾಗ ಮನೆಯವರೆಲ್ಲ ಮರದ ಕೆಳಗೆ ನಿಂತು ನೋಡಿದೆವು. ಹೂವೆಲ್ಲ ಗೊಂಚಲು ಗೊಂಚಲಾಗಿ ಅರಳಿ ಉದುರಿತು, ಒಂದೂ ಕಾಯಿಯಾಗಲಿಲ್ಲ. ನಾಲ್ಕರಲ್ಲಿ ಮೂರು ಗಂಡುಮರ, ಒಂದು ಹೂವನ್ನೇ ಬಿಟ್ಟಿರಲಿಲ್ಲ. ಮುರುಗಲಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ, ಬೀಜಸಸಿಗಳಲ್ಲಿ ಸುಮಾರು ಅರ್ಧ ಗಂಡಾಗುತ್ತವೆ, ಹೂ ಬಿಡುವವರೆಗೆ ಗುರುತು ಸಿಗುವುದಿಲ್ಲ. ಈ ಮಾತನ್ನು ಮಾರಿದವರು ಒಮ್ಮೆಯೂ ಹೇಳಲಿಲ್ಲ ಎಂಬ ಬೇಸರ ಇನ್ನೂ ಇದೆ.

ಆದ್ದರಿಂದ ಹಿತ್ತಲಿಗೆ ಕಸಿಗಿಡ ತನ್ನಿ. ಹೆಣ್ಣುಮರದ ಕುಡಿಯಿಂದ ಕಟ್ಟಿದ ಕಸಿ ನಾಲ್ಕೈದು ವರ್ಷಕ್ಕೇ ಕಾಯುತ್ತದೆ. ಕುಡಿಯನ್ನು ನೆಟ್ಟಗೆ ಮೇಲೇಳುವ ಚಿಗುರಿನಿಂದ ತೆಗೆದಿರಬೇಕು, ಅಡ್ಡಕೊಂಬೆಯಿಂದ ತೆಗೆದರೆ ಗಿಡ ನೆಲಕ್ಕೇ ಹರಡಿಕೊಳ್ಳುತ್ತದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ವಿಚಾರಿಸಿ ಕಸಿ ಕಟ್ಟುವುದನ್ನು ಕಲಿತರೆ ನಿಮ್ಮ ಊರಿನ ಮರವನ್ನೇ ಹೆಚ್ಚಿಸಬಹುದು. ಸಿಹಿ ಮುರುಗಲು, ದಪ್ಪ ಸಿಪ್ಪೆಯ ಮುರುಗಲು, ತಡವಾಗಿ ಹಣ್ಣಾಗುವ ಮುರುಗಲು, ಯಾವ ಮನೆಯ ಹಿಂದೆ ಯಾವುದಿದೆ ಎಂದು ಊರಿನ ಹಿರಿಯರಿಗೆ ಗೊತ್ತು. ನನ್ನ ಗಂಡುಮರಗಳಲ್ಲಿ ಒಂದನ್ನು ಪರಾಗಕ್ಕೆಂದು ಉಳಿಸಿದೆ, ಎರಡರ ಮೇಲೆ ಹೆಣ್ಣುಕುಡಿ ಕಸಿ ಕಟ್ಟಿಸಿದೆ. ಒಂದು ಹಿಡಿಯಿತು.

ಉಪ್ಪಾಗೆಗೆ ತೊಂಬತ್ತರ ದಶಕದಲ್ಲಿ ಪರದೇಶದ ಬೇಡಿಕೆ ಬಂದು ಬೆಲೆ ಏರಿದಾಗ ನಮ್ಮ ಕಾಡಿನಲ್ಲಿ ಏನಾಯಿತೆಂದು ಕಂಡವರಿಗೆ ಗೊತ್ತು. ಬಲಿಯದ ಕಾಯಿಗಾಗಿ ಕೊಂಬೆಗಳನ್ನೇ ಕಡಿದರು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಹಸಿ ಸೌದೆಯನ್ನು ಲೋಡುಗಟ್ಟಲೆ ಉರಿಸಿದರು. ನಿಮ್ಮ ಮರವಾದರೂ ಕೆಳಗೆ ಬಲೆ ಕಟ್ಟಿ, ಬಿದ್ದ ಹಣ್ಣನ್ನು ಆಯಿರಿ. ಬೀಜದಿಂದ ತುಪ್ಪ ತೆಗೆಯುವವರು ಒಂದು ಪಾಲು ಬೀಜವನ್ನು ಮರಳಿ ಬೆಟ್ಟಕ್ಕೆ ಎಸೆದು ಬನ್ನಿ.

ಅಪ್ಪೆಮಿಡಿಯ ಬಗ್ಗೆ ಶಿರಸಿ, ಸಿದ್ದಾಪುರದವರಿಗೆ ನಾನು ಹೇಳುವುದು ಅಧಿಕಪ್ರಸಂಗವಾದೀತು. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಜೀರಿಗೆ, ಹೀಗೆ ಒಂದೊಂದಕ್ಕೂ ಒಂದೊಂದು ಹೆಸರಿದೆ. ಹೇಳಬೇಕಾದದ್ದು ಒಂದೇ: ಹೊಳೆದಂಡೆಯ ಮೂಲಮರ ಇನ್ನೂ ನಿಂತಿರುವಾಗಲೇ ಅದರ ಕುಡಿ ತಂದು ಎರಡು ಮನೆಯಲ್ಲಾದರೂ ಕಸಿ ಮಾಡಿಡಿ. ನೆರೆಗೆ ದಂಡೆ ಕುಸಿದರೆ ಆ ಪರಿಮಳ ಮತ್ತೆ ಸಿಗುವುದಿಲ್ಲ. ಅಂಕೋಲಾದವರು ಕರಿ ಇಶಾಡು ಮಾವಿನ ವಿಷಯದಲ್ಲಿಯೂ ಹೀಗೆಯೇ ನೋಡಿಕೊಳ್ಳಬೇಕು.

ಮಿಸ್ರಿಗೆ ಮನೆ

ಮಿಸ್ರಿ ಜೇನು ಕಚ್ಚಿದರೂ ಚುಚ್ಚುವುದಿಲ್ಲ. ಮೂರು ನಾಲ್ಕು ಮಿಲಿಮೀಟರ್ ಉದ್ದದ ಕಪ್ಪು ನೊಣ. ದಕ್ಷಿಣ ಕನ್ನಡದವರು ಮುಜಂಟಿ ಎನ್ನುತ್ತಾರೆ. ನಿಮ್ಮ ಮನೆಯ ಹಳೆಯ ಗೋಡೆಯ ಬಿರುಕಿನಲ್ಲಿ, ಬಾಗಿಲ ದಾರಂದದ ಸಂದಿನಲ್ಲಿ, ಮರದ ಪೊಟರೆಯಲ್ಲಿ ಈಗಾಗಲೇ ಇರಬಹುದು. ಮಧ್ಯಾಹ್ನದ ಬಿಸಿಲಿಗೆ ಗೋಡೆಯನ್ನು ನೋಡುತ್ತ ನಿಲ್ಲಿ. ಕಿರುಬೆರಳಿನಷ್ಟು ಅಗಲದ, ಮೇಣ ಮತ್ತು ಅಂಟು ಸೇರಿದ ಕಂದು ಕೊಳವೆಯೊಂದು ಹೊರಚಾಚಿರುತ್ತದೆ. ಅದರ ಬಾಯಿಯಲ್ಲಿ ಏಳೆಂಟು ಕಾವಲುಗಾರ ನೊಣಗಳು ಮುಖ ಹೊರಗೆ ಮಾಡಿ ಸುತ್ತಲೂ ಕೂತಿರುತ್ತವೆ. ಬೆರಳು ತಂದರೆ ಒಳಗೆ ಸರಿಯುತ್ತವೆ, ತೆಗೆದರೆ ಒಂದೊಂದಾಗಿ ಮತ್ತೆ ಇಣುಕುತ್ತವೆ. ಹೊರಗಿಂದ ಬರುವವುಗಳ ಹಿಂಗಾಲಿನಲ್ಲಿ ಪರಾಗದ ಉಂಡೆ ಹಳದಿ, ಬಿಳಿ, ಕಿತ್ತಳೆ ಬಣ್ಣದಲ್ಲಿ ಕಾಣುತ್ತದೆ. ಯಾವ ಹೂವಿನದೆಂದು ಹುಡುಕುತ್ತ ಹೋದರೆ ನಿಮ್ಮ ಹಿತ್ತಲಿನ ಪರಿಚಯ ಹೊಸದಾಗಿ ಆಗುತ್ತದೆ.

ಗೋಡೆ ಒಡೆದು ಗೂಡು ಕೀಳುವವರಿದ್ದಾರೆ. ದಯವಿಟ್ಟು ಬೇಡ. ಅರ್ಧಕ್ಕರ್ಧ ಸಂಸಾರ ಹೀಗೆಯೇ ನಾಶವಾಗುತ್ತದೆ. ಕೊಳವೆಯ ವಿಧಾನ ನಿಧಾನವಾದರೂ ಗೋಡೆಯ ಗೂಡನ್ನೂ ಉಳಿಸುತ್ತದೆ.

ಒಂದು ಅಡಿ ಉದ್ದ, ನಾಲ್ಕೈದು ಅಂಗುಲ ಅಗಲ ಮತ್ತು ಎತ್ತರದ ಮರದ ಪೆಟ್ಟಿಗೆ ಮಾಡಿಸಿ. ಹಲಗೆ ಮುಕ್ಕಾಲು ಅಂಗುಲಕ್ಕಿಂತ ತೆಳ್ಳಗಿರಬಾರದು, ಬಣ್ಣ ವಾರ್ನಿಷ್ ಬೇಡ. ದಪ್ಪ ಬಿದಿರಿನ ಅಂಡೆಯನ್ನು ಉದ್ದಕ್ಕೆ ಸೀಳಿ ಮತ್ತೆ ಕಟ್ಟಿದರೂ ಆದೀತು. ಎದುರುಬದುರು ಎರಡು ತೂತು ಮಾಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ, ಹೂ ಹೇರಳವಾಗಿರುವ ಕಾಲದಲ್ಲಿ, ಒಂದು ಸಂಜೆ ಗೋಡೆಯ ಮೇಣದ ಕೊಳವೆಯನ್ನು ಜೋಪಾನವಾಗಿ ಬಿಡಿಸಿಕೊಳ್ಳಿ. ಆ ಜಾಗದಿಂದ ಪೆಟ್ಟಿಗೆಯ ಒಂದು ತೂತಿಗೆ ಅರ್ಧ ಅಂಗುಲದ ಪ್ಲಾಸ್ಟಿಕ್ ಪೈಪ್ ಜೋಡಿಸಿ, ಸುತ್ತಲಿನ ಸಂದನ್ನು ಹದವಾದ ಜೇಡಿಮಣ್ಣಿನಿಂದ ಮುಚ್ಚಿ. ಬಿಡಿಸಿದ ಮೇಣದ ಕೊಳವೆಯನ್ನು ಪೆಟ್ಟಿಗೆಯ ಹೊರಬದಿಯ ತೂತಿಗೆ ಅಂಟಿಸಿ. ಮರುದಿನ ನೊಣಗಳು ಗೊಂದಲದಿಂದ ಗೋಡೆಗೆ ಮುತ್ತಿಕೊಳ್ಳುತ್ತವೆ. ಎರಡು ಮೂರು ದಿನಗಳಲ್ಲಿ ತಮ್ಮ ಮೇಣದ ವಾಸನೆ ಹಿಡಿದು ಹೊಸ ಬಾಗಿಲಿನಿಂದ ಓಡಾಡತೊಡಗುತ್ತವೆ.

ಇನ್ನು ಕಾಯುವುದು. ದಾರಿಯಾಗಿದ್ದ ಪೆಟ್ಟಿಗೆಯಲ್ಲಿ ಮೊದಲು ಮೇಣ, ಆಮೇಲೆ ಜೇನು ಮತ್ತು ಪರಾಗದ ಸಣ್ಣ ಕುಡಿಕೆಗಳು, ಕೊನೆಗೆ ಮರಿಗೂಡು ಕಾಣಿಸುತ್ತದೆ. ಆರು ತಿಂಗಳಾಗಬಹುದು, ವರ್ಷ ದಾಟಬಹುದು, ಕೆಲವೊಮ್ಮೆ ಆಗದೆಯೂ ಇರಬಹುದು. ಪದೇ ಪದೇ ಮುಚ್ಚಳ ತೆರೆಯಬೇಡಿ. ಮೇಲೊಂದು ಗಾಜಿನ ತುಂಡು ಇಟ್ಟು ಅದರ ಮೇಲೆ ಹಲಗೆ ಮುಚ್ಚಿದ್ದರೆ ನೋಡಲು ಸುಲಭ. ಮರಿಗೂಡು ಗಟ್ಟಿಯಾದ ಮೇಲೆ ಪೈಪ್ ಬಿಡಿಸಿ ಪೆಟ್ಟಿಗೆಯನ್ನು ದೂರ ಒಯ್ಯಿರಿ. ಗೋಡೆಯ ಸಂಸಾರ ತನ್ನ ಪಾಡಿಗೆ ಮತ್ತೆ ಕೊಳವೆ ಕಟ್ಟಿಕೊಳ್ಳುತ್ತದೆ.

ಪೆಟ್ಟಿಗೆ ಇಡುವ ಜಾಗ ಮಳೆಯ ಇರಚಲು ಹೊಡೆಯದ, ಮಧ್ಯಾಹ್ನದ ಬಿಸಿಲು ಬೀಳದ ಜಗುಲಿಯ ಮೂಲೆಯಾಗಿರಲಿ. ಇರುವೆಗೆ ಕಾಲಿನ ಕೆಳಗೆ ನೀರಿನ ಬಟ್ಟಲು, ಹಲ್ಲಿಗೆ ಮತ್ತು ಜೇಡಕ್ಕೆ ನಿಮ್ಮ ಕಣ್ಣು. ಪರಾಗದ ಕುಡಿಕೆ ಒಡೆದು ಹುಳಿವಾಸನೆ ಬಂದರೆ ಗೂನುಬೆನ್ನಿನ ಸಣ್ಣ ನೊಣಗಳು ನುಗ್ಗಿ ಮೊಟ್ಟೆಯಿಡುತ್ತವೆ, ಮೂರೇ ದಿನದಲ್ಲಿ ಪೆಟ್ಟಿಗೆ ಹುಳುಮಯ. ಒಡೆದದ್ದನ್ನು ತಕ್ಷಣ ತೆಗೆದು ಸಂದುಗಳನ್ನು ಮುಚ್ಚಿಬಿಡಿ.

ಜೇನುತುಪ್ಪವನ್ನು ವರ್ಷಕ್ಕೊಮ್ಮೆ, ಏಪ್ರಿಲ್ ಸುಮಾರಿಗೆ, ಅದೂ ಅರ್ಧ ಮಾತ್ರ ತೆಗೆಯಿರಿ. ಹಿಂಡಬೇಡಿ. ಶುಚಿಯಾದ ಬಿದಿರು ಕಡ್ಡಿಯಿಂದ ಜೇನಿನ ಕುಡಿಕೆಗಳನ್ನು ಚುಚ್ಚಿ ಪೆಟ್ಟಿಗೆಯನ್ನು ಓರೆ ಮಾಡಿದರೆ ತುಪ್ಪ ತಾನಾಗಿ ಇಳಿಯುತ್ತದೆ, ಕುಡಿಕೆ ಉಳಿದರೆ ನೊಣಗಳಿಗೆ ಕೆಲಸ ಕಡಿಮೆ. ವರ್ಷಕ್ಕೆ ಕೆಲವು ನೂರು ಗ್ರಾಂ ಬಂದರೆ ಅದೇ ಹೆಚ್ಚು. ತುಪ್ಪದ ಆಸೆಗೆ ಮಿಸ್ರಿ ಸಾಕಬೇಡಿ, ನಿಮ್ಮ ತೋಟದ ಹೂವಿಗಾಗಿ ಸಾಕಿ.

ತುಡುವೆ ಜೇನು ಸಾಕುವವರಿಗೆ ಒಂದೇ ಮಾತು: ಪೆಟ್ಟಿಗೆಯನ್ನು ದೂರದ ಊರಿನಿಂದ ತರಿಸಬೇಡಿ. 1991ರಿಂದೀಚೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗ ದಕ್ಷಿಣ ಭಾರತದ ತುಡುವೆಯನ್ನು ಮುಕ್ಕಿದ್ದನ್ನು ಹಳಬರು ಇನ್ನೂ ನೆನೆಯುತ್ತಾರೆ.

ವರ್ಷವಿಡೀ ಹೂವು

ಮಿಸ್ರಿ ಗೂಡಿನಿಂದ ಕೆಲವೇ ನೂರು ಮೀಟರ್ ದೂರದೊಳಗೆ ಮೇಯುವ ಜೀವ. ಅಷ್ಟರೊಳಗೆ ಹೂವಿಲ್ಲದಿದ್ದರೆ ಉಪವಾಸ. ಬೇಸಿಗೆಯ ಚಿಂತೆಯಿಲ್ಲ. ಮಾವು, ಗೇರು, ನೇರಳೆ, ಹೊಂಗೆ, ಮತ್ತಿ ಒಂದರ ಹಿಂದೆ ಒಂದು ಅರಳುತ್ತವೆ. ಅಡಿಕೆ, ತೆಂಗಿನ ಹೊಂಬಾಳೆ ಆಗಾಗ ಇದ್ದೇ ಇರುತ್ತದೆ. ಕಷ್ಟ ಬರುವುದು ಜೂನಿನಿಂದ ಆಗಸ್ಟ್‌ವರೆಗೆ. ಆ ಕಾಲಕ್ಕಾಗಿ ಕರ್ಣಕುಂಡಲ, ತುಳಸಿ, ನಾಚಿಕೆಮುಳ್ಳು, ಆಗಸ್ಟಿನಿಂದ ಆಚೆಗೆ ತುಂಬೆ ಇರುವಂತೆ ನೋಡಿಕೊಳ್ಳಿ. ಅಂಗಳದ ತುಂಬೆಯನ್ನು ಚೌತಿಗೆ ಮೊದಲು ಕೆರೆದು ಸ್ವಚ್ಛ ಮಾಡುವ ರೂಢಿಯಿದೆ, ಒಂದು ಮೂಲೆಯಲ್ಲಾದರೂ ಬಿಡಿ. ಮಳೆ ನಿಂತ ಮೇಲೆ ಅಂಟುವಾಳ ಹೂ ಬಿಟ್ಟರೆ ಮರವೇ ಗುಂಯ್ ಎನ್ನುತ್ತದೆ. ಬೂರುಗ, ಕಾಡುಬಾಳೆ, ಕೌಲಿಗೆ ರಾತ್ರಿ ಬರುವವರು ಬಾವಲಿಗಳು, ಅವುಗಳನ್ನು ಓಡಿಸಬೇಡಿ.

ಕರಾವಳಿಯವರು ಗೇರಿಗೆ ಹೂ ಬರುವಾಗ ಟೀ ಸೊಳ್ಳೆ ಎಂಬ ಕೀಟಕ್ಕೆ ಔಷಧ ಹೊಡೆಯುತ್ತಾರೆ. ನೆರೆಯವರ ಬಳಿ ಹೋಗಿ ದಿನ ಕೇಳಿಕೊಳ್ಳಿ, ಸಂಜೆ ಹೊಡೆಯುವಂತೆ ವಿನಂತಿಸಿ, ಆ ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಬಾಯಿಗೆ ಜಾಲರಿ ಕಟ್ಟಿ.

ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ, ಇರುವವರಿಗೆ ಇನ್ನೊಂದು ಕರ್ತವ್ಯವಿದೆ. ಅಘನಾಶಿನಿಯ ಅಳಿವೆಯಲ್ಲಿ, ಕುಮಟಾದ ಮಾಣಿಕಟ್ಟಾ ಸುತ್ತಮುತ್ತ, ಉಪ್ಪುನೀರನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತ ಇನ್ನೂ ಇದೆ. ಎತ್ತರಕ್ಕೆ ಬೆಳೆದು, ತೆನೆ ಮಾತ್ರ ಕೊಯ್ದರೆ ಉಳಿದ ಹುಲ್ಲು ನೀರಿನಲ್ಲಿ ಕೊಳೆತು ಮೀನು ಸಿಗಡಿಗೆ ಆಹಾರವಾಗುತ್ತದೆ. ಕಾಲು ಎಕರೆಯಾದರೂ ಬಿತ್ತಿ, ಬೀಜವನ್ನು ನೆರೆಯವರಿಗೆ ಹಂಚಿ. ರೈತರು ತಮ್ಮ ತಳಿಯನ್ನು ಉಳಿಸಿ, ಬಿತ್ತಿ, ವಿನಿಮಯ ಮಾಡುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ ಕೊಟ್ಟಿದೆ. ಸಮುದಾಯದ ಹೆಸರಿನಲ್ಲಿಯೇ ತಳಿ ನೋಂದಾಯಿಸಲೂ ಅವಕಾಶವಿದೆ.

ಅಡುಗೆಮನೆಯಲ್ಲಿ

ತಿನ್ನದೆ ಹೋದರೆ ಯಾವ ತಳಿಯೂ ಉಳಿಯುವುದಿಲ್ಲ. ಆದರೆ ಎಚ್ಚರ ಬೇಕು. ಕಾಡುಗೆಣಸುಗಳಲ್ಲಿ ಕೆಲವು ವಿಷ. ಅವನ್ನು ತೆಳ್ಳಗೆ ಹೆಚ್ಚಿ ದಿನಗಟ್ಟಲೆ ಹರಿಯುವ ನೀರಿನಲ್ಲಿಟ್ಟು ತಿನ್ನುವ ವಿದ್ಯೆ ಬಲ್ಲವರಿಗಷ್ಟೇ ಬಿಡಿ. ಚೌತಿಯ ಹೊತ್ತಿಗೆ ಅರಳುವ ಗೌರಿಹೂವಿನ ಗೆಡ್ಡೆ ಪ್ರಾಣಕ್ಕೇ ಅಪಾಯ, ಮಕ್ಕಳಿಗೆ ಗಿಡ ತೋರಿಸಿಯೇ ಹೇಳಿಕೊಡಿ. ಕೆಸ, ಸುವರ್ಣಗೆಡ್ಡೆಗೆ ವಾಟೆಹುಳಿಯನ್ನೋ ಉಪ್ಪಾಗೆಯನ್ನೋ ಹಾಕಿ ಚೆನ್ನಾಗಿ ಬೇಯಿಸಿದರೆ ಗಂಟಲು ತುರಿಸುವುದಿಲ್ಲ. ಕಳಲೆಯನ್ನು ಹೆಚ್ಚಿ ಮೂರು ದಿನ ನೀರು ಬದಲಿಸುತ್ತ ನೆನೆಹಾಕಿಯೇ ಪಲ್ಯ ಮಾಡಬೇಕು. ಒಂದು ಮೆಳೆಯಿಂದ ಎಲ್ಲ ಕಳಲೆ ಮುರಿಯಬೇಡಿ, ಬಿದಿರೇ ಇಲ್ಲವಾಗುತ್ತದೆ.

ಹಿತ್ತಲಿಗೆ ಇನ್ನೇನು ಬೇಕೆಂದು ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ಪಟ್ಟಿ ಚೌತಿಯ ಫಲಾವಳಿ. ಗಣಪತಿಯ ಮೇಲೆ ತೂಗುವ ಕಾಡುಕಾಯಿ, ಹೂವು, ಗೊಂಚಲುಗಳಲ್ಲಿ ನಿಮ್ಮ ಅಜ್ಜನ ಕಾಲದಲ್ಲಿ ಏನೇನಿತ್ತು, ಈ ವರ್ಷ ಏನು ಸಿಗಲಿಲ್ಲ, ಯಾವುದನ್ನು ಪೇಟೆಯಿಂದ ಕೊಂಡು ತೂಗಿಸಿದಿರಿ ಎಂದು ಬರೆಯಿರಿ. ಸಿಗದೆ ಹೋದದ್ದರ ಸಸಿ ಮುಂದಿನ ಮಳೆಗೆ.

ಬರೆದಿಡಿ, ಮರಳಿಸಿ

ಒಂದು ಇನ್ನೂರು ಪುಟದ ನೋಟ್‌ಪುಸ್ತಕ ಸಾಕು. ಪ್ರತಿ ಗಿಡಕ್ಕೆ ಅರ್ಧ ಪುಟ: ಹೆಸರು, ಯಾರ ಮಾತಿನಲ್ಲಿ ಆ ಹೆಸರು, ಯಾವ ಊರಿನ ಯಾರ ಮನೆಯಿಂದ ಬಂತು, ಯಾವ ದಿನ ನೆಟ್ಟದ್ದು, ಯಾವಾಗ ಹೂ, ಯಾವ ನೊಣ ಕೂತಿತು. ಕೊಟ್ಟವರ ಹೆಸರನ್ನು ಅವರ ಒಪ್ಪಿಗೆ ಕೇಳಿಯೇ ಬರೆಯಿರಿ. ಎರಡು ಮೂರು ವರ್ಷದ ಬರಹ ಆದ ಮೇಲೆ ಮೊದಲು ಹೇಳಿದ ಪಂಚಾಯಿತಿಯ ಸಮಿತಿಗೆ ಹೋಗಿ, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಏನನ್ನು ಸೇರಿಸಬಹುದು, ಏನನ್ನು ಸೇರಿಸಬಾರದು ಎಂದು ಬೀಜ ಕೊಟ್ಟವರನ್ನೂ ಕೂರಿಸಿಕೊಂಡು ಮಾತಾಡಿ. ನಿರ್ಧಾರ ಅವರದಾಗಿರಲಿ.

ಗೆಡ್ಡೆ ಕೊಟ್ಟ ಅಜ್ಜಿಯ ಬಳಿಗೆ ಎರಡನೆಯ ವರ್ಷದ ಚಳಿಗಾಲದಲ್ಲಿ ನಾನು ಮರಳಿ ಹೋದೆ, ನನ್ನ ಹಿತ್ತಲಿನಲ್ಲಿ ಬೆಳೆದ ಅದೇ ಕೋನದ ಎರಡು ತಲೆಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು. ಆ ಸಲದ ಮಳೆಗೆ ಅವರ ಗುಳಿಯೊಂದರಲ್ಲಿ ನೀರು ನಿಂತು ಬಳ್ಳಿ ಕೊಳೆತುಹೋಗಿತ್ತು. ಅವರು ತಲೆಗಳನ್ನು ಕೈಯಲ್ಲಿ ತಿರುಗಿಸಿ, ಕಣ್ಣು ಎಲ್ಲಿದೆಯೆಂದು ಉಗುರಿನಿಂದ ಒತ್ತಿ ನೋಡಿ, ಅಟ್ಟದ ಮೇಲಿನ ಹುಲ್ಲಿನಲ್ಲಿ ಇಟ್ಟರು. ಆಮೇಲೆ ನನ್ನ ಚೀಲಕ್ಕೆ ಮುಡ್ಲಿಯ ಎರಡು ಮರಿಗೆಡ್ಡೆ ಹಾಕಿ, ಇದನ್ನು ನೀರಿನ ಪಸೆ ಇರುವ ಕಡೆ ಇಡು ಎಂದರು.